ಟ್ರಂಕಿನೊಳಗಿನ ಛಾಪಾ ಕಾಗದ

2024ರ ಅಕ್ಟೋಬರ್‌ನಲ್ಲಿ ಲಿಂಕ್ಡ್‌ಇನ್‌ನಲ್ಲಿ ಒಂದು ಪೋಸ್ಟ್ ಭಾರೀ ಓಡಾಡಿತು. ಹೊಸ ಕೆಲಸಕ್ಕೆ ಸೇರಿದಾಗ ನಾವೆಲ್ಲ ಹಾಕ್ತೀವಲ್ಲ, ಅದೇ ಧಾಟಿ. ಹುದ್ದೆ ಮಾತ್ರ ‘ಕೈದಿ’, ಸಂಸ್ಥೆ ಅಮೆರಿಕದ ಕಂಬರ್‌ಲ್ಯಾಂಡ್ ಜೈಲು! ಹಾಕಿದವನು ರಯಾನ್ ಸಲಾಮೆ. 2022ರ ನವೆಂಬರ್‌ನಲ್ಲಿ ಮುಳುಗಿದ ಕ್ರಿಪ್ಟೋ ಎಕ್ಸ್‌ಚೇಂಜ್ ಎಫ್‌ಟಿಎಕ್ಸ್‌ನ ದೊಡ್ಡ ಅಧಿಕಾರಿಗಳಲ್ಲಿ ಒಬ್ಬ. ತಪ್ಪೊಪ್ಪಿಕೊಂಡು ಏಳೂವರೆ ವರ್ಷದ ಶಿಕ್ಷೆ ಪಡೆದಿದ್ದ. ಒಳಗೆ ಹೋಗುವ ಮುಂಚೆ ಟಕರ್ ಕಾರ್ಲ್‌ಸನ್‌ಗೆ ಸಂದರ್ಶನವನ್ನೂ ಕೊಟ್ಟ. ಸರ್ಕಾರಿ ವಕೀಲರು ತನಗೆ ಕೊಟ್ಟ ಮಾತಿಗೆ ತಪ್ಪಿದರು ಅನ್ನೋದು ಅವನ ದೂರು. ಅವರು ಅದನ್ನು ಒಪ್ಪಲಿಲ್ಲ.

ಆಫೀಸಿನಲ್ಲಿ ಎಲ್ಲರೂ ಆ ಪೋಸ್ಟ್ ನೋಡಿ ನಕ್ಕರು. ನನಗೆ ಮಾತ್ರ ನಮ್ಮ ಕಡೆಯ ಒಬ್ಬ ಮನುಷ್ಯ ನೆನಪಾದ: ಖಾನಾಪುರದ ಅಬ್ದುಲ್ ಕರೀಂ ತೆಲಗಿ.

ತೆಲಗಿ ಕಥೆ ಈಗಿನವರಿಗೆ ವೆಬ್ ಸೀರೀಸ್‌ನಿಂದ ಗೊತ್ತು. ಹುಡುಗನಾಗಿದ್ದಾಗ ರೈಲಿನಲ್ಲಿ ಹಣ್ಣು ಮಾರುತ್ತಿದ್ದವನು 1994ರಲ್ಲಿ ಮುಂಬೈನಲ್ಲಿ ಛಾಪಾ ಕಾಗದ ಮಾರುವ ಲೈಸೆನ್ಸ್ ಪಡೆದ. ನಾಸಿಕ್‌ನ ಸರ್ಕಾರಿ ಭದ್ರತಾ ಮುದ್ರಣಾಲಯದ ಹಳೇ ಯಂತ್ರಗಳನ್ನು ಹಿಡಿದು ತಾನೇ ಛಾಪಿಸಲು ಶುರು ಮಾಡಿದ. ಬ್ಯಾಂಕು, ವಿಮಾ ಕಂಪನಿ, ಷೇರು ದಲ್ಲಾಳಿಗಳಂಥ ದೊಡ್ಡ ಗಿರಾಕಿಗಳಿಗೆ ಏಜೆಂಟರ ಮೂಲಕ ಮಾರಿದ. 2000ದಲ್ಲಿ ಬೆಂಗಳೂರಿನಲ್ಲಿ ಮಾಲು ಸಿಕ್ಕಿಬಿತ್ತು. 2001ರ ನವೆಂಬರ್‌ನಲ್ಲಿ ಅವನು ಅಜ್ಮೇರ್‌ನಲ್ಲಿ ಸಿಕ್ಕ.

ಛಾಪಾ ಕಾಗದ ಅಂದರೆ ಏನು? ಎರಡು ಜನರ ನಡುವಿನ ಮಾತಿಗೆ ಸರ್ಕಾರ ಶುಲ್ಕ ತಗೊಂಡು ಹಾಕುವ ಮುದ್ರೆ. ಸರ್ಕಾರವೇ ಬೇಡ, ಗಣಿತವೇ ನಂಬಿಕೆ ಅಂತ ಹುಟ್ಟಿದ್ದು ಕ್ರಿಪ್ಟೋ. ದಾರಿ ಬೇರೆ, ಮಾರುವ ಸರಕು ಒಂದೇ: ನಂಬಿಕೆ.

ನಮ್ಮೂರು ಅಸೂಟಿ, ರೋಣ ತಾಲೂಕು. 1999ರಲ್ಲಿ ಅಪ್ಪ ನಾಲ್ಕೆಕರೆ ಎರಿ ಹೊಲ ಖರೀದಿ ಮಾಡಿದ್ದ. ಆ ಖರೀದಿ ಪತ್ರ ಅವ್ವನ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇರುತ್ತಿತ್ತು. ಪೇಪರಿನಲ್ಲಿ ತೆಲಗಿ ಸುದ್ದಿ ಬರತೊಡಗಿದ ಮೇಲೆ ಅಪ್ಪ ಅದನ್ನು ತೆಗೆದು ಬಿಸಿಲಿಗೆ ಹಿಡಿದು ನೋಡುತ್ತಿದ್ದ. ಒಂದು ಕಚೇರಿಯಲ್ಲಿ ಕೇಳಿದರೆ, “ನೋಡಿದ್ರ ಗೊತ್ತಾಗಂಗಿಲ್ರೀ” ಅಂದು ಕಳಿಸಿದರಂತೆ.

2003ರಲ್ಲಿ ಬೆಂಗಳೂರಿನಲ್ಲಿ ತೆಲಗಿಗೆ ಮಂಪರು ಪರೀಕ್ಷೆ ಆಯ್ತು. ಸೋಡಿಯಂ ಪೆಂಟಥಾಲ್ ಅನ್ನೋ ಔಷಧಿ ಕೊಟ್ಟು, ಅರೆಪ್ರಜ್ಞೆಯಲ್ಲಿ ಪ್ರಶ್ನೆ ಕೇಳುವುದು. ಅದರ ವಿಡಿಯೋ 2006ರಲ್ಲಿ ಟಿವಿಗೆ ಬಂತು. ನಾನಾಗ ಪಿಯುಸಿ. ಮಲಗಿದ ಮನುಷ್ಯ ತೊದಲುತ್ತಾ ದೊಡ್ಡ ರಾಜಕಾರಣಿಗಳ ಹೆಸರು ಹೇಳುತ್ತಿದ್ದ, ನಾವು ಉಸಿರು ಬಿಗಿಹಿಡಿದು ಕೂತಿದ್ವಿ. ಸತ್ಯ ಹೊರಗೆ ಬಂತು ಅಂತಲೇ ನಾನು ನಂಬಿದ್ದೆ. ಅಪ್ಪ ಮಾತ್ರ ಕೇಳಿದ, “ಹೆಸರು ಇರ್ಲಿ, ಯಾವ ಕಾಗದ ಖೊಟ್ಟಿ ಅಂತ ನಂಬರ್ ಹೇಳಿದ್ನೇನು?”

ಆ ಪ್ರಶ್ನೆಯ ತೂಕ ತಿಳಿಯಲು ನನಗೆ ವರ್ಷಗಳೇ ಬೇಕಾದವು.

2007ರ ಜೂನ್‌ನಲ್ಲಿ ಪುಣೆಯ ವಿಶೇಷ ನ್ಯಾಯಾಲಯದಲ್ಲಿ ತೆಲಗಿ ತಪ್ಪೊಪ್ಪಿಕೊಂಡ. 13 ವರ್ಷ ಕಠಿಣ ಸಜೆ, 202 ಕೋಟಿ ರೂಪಾಯಿ ದಂಡ. ಇನ್ನು ಆ ಮಂಪರಿನ ಮಾತು? 2010ರ ಮೇ 5ರಂದು, ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಒಪ್ಪಿಗೆ ಇಲ್ಲದೆ ಮಂಪರು ಪರೀಕ್ಷೆ ಮಾಡುವಂತಿಲ್ಲ, ಅದು ಸಂವಿಧಾನದ 20(3)ನೇ ವಿಧಿಗೆ ವಿರುದ್ಧ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳು ಅಂತ ಆರೋಪಿಯನ್ನು ಯಾರೂ ಒತ್ತಾಯಿಸುವಂತಿಲ್ಲ. ಸೂಜಿ ಚುಚ್ಚಿ ಹೊರಡಿಸಿದ್ದನ್ನು ಮಾತು ಅನ್ನಲಾಗದು. ಟಿವಿ ಮುಂದೆ ಕೂತಿದ್ದ ನಾನೂ ಆ ತಮಾಷೆಯಲ್ಲಿ ಪಾಲುದಾರನೇ ಆಗಿದ್ದೆ.

ಸಲಾಮೆಯದು ಸ್ವಂತ ಇಷ್ಟದ ಮಾತು, ತೆಲಗಿಯದು ಹಿಂಡಿ ತೆಗೆದದ್ದು. ಆದರೂ ಎರಡೂ ಕಡೆ ಒಂದೇ ಕೊರತೆ. ಜೈಲು ಬಾಗಿಲಲ್ಲಿ ನಿಂತವನು ತನಗಾದ ಅನ್ಯಾಯ ಹೇಳಿಕೊಳ್ತಾನೆ. ಕೇಳುವವರಿಗೆ ದೊಡ್ಡವರ ಹೆಸರು ಬೇಕು. ಮೋಸ ಹೋದವನಿಗೆ ಬೇಕಾಗಿರೋದು ಲೆಕ್ಕ, ಅದನ್ನು ಯಾರೂ ಕೇಳೋದಿಲ್ಲ.

ಲೆಕ್ಕ ಸಿಗುವುದು ಬೇರೆ ಕಡೆ. ಸಲಾಮೆ ಜೈಲಿಗೆ ಹೋಗುವ ಕೆಲವೇ ದಿನ ಮುಂಚೆ, 2024ರ ಅಕ್ಟೋಬರ್ 7ರಂದು, ದಿವಾಳಿ ಕೋರ್ಟು ಎಫ್‌ಟಿಎಕ್ಸ್ ಗ್ರಾಹಕರಿಗೆ ದುಡ್ಡು ಹಿಂದಿರುಗಿಸುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2022ರ ನವೆಂಬರ್ ಬೆಲೆಯ ಲೆಕ್ಕದಲ್ಲಿ. ಅದು ಸಂದರ್ಶನದಿಂದ ಆಗಿದ್ದಲ್ಲ. ಗಲೀಜಾಗಿ ಬಿದ್ದಿದ್ದ ದಾಖಲೆಗಳನ್ನು ಜಾಲಾಡಿ, ಆಸ್ತಿ ಹುಡುಕಿ ಮಾರಿದ ಕೆಲಸದಿಂದ ಆಗಿದ್ದು. ನಮ್ಮಲ್ಲಿಯೂ ಈಗ ಇ-ಸ್ಟಾಂಪ್ ಮೇಲೆ ಒಂದು ಪ್ರಮಾಣಪತ್ರ ಸಂಖ್ಯೆ ಇರುತ್ತೆ; ಮೊಬೈಲಿನಲ್ಲೇ ಅಸಲಿಯೋ ನಕಲಿಯೋ ನೋಡಬಹುದು. ಅಪ್ಪ ಕೇಳಿದ ನಂಬರ್ ಅದೇ.

ತೆಲಗಿ 2017ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ, ಕೈದಿಯಾಗಿಯೇ ತೀರಿಕೊಂಡ.

ಮೊನ್ನೆ ಊರಿಗೆ ಹೋದಾಗ ಹೊಲದ ಹೊಸ ಉತಾರ ತೆಗೆಸಿ ಅಪ್ಪನ ಕೈಗೆ ಕೊಟ್ಟೆ. ಸರ್ವೆ ನಂಬರ್, ಅಪ್ಪನ ಹೆಸರು ಎಲ್ಲ ಸರಿ ಇತ್ತು.

“ಹಂಗಾರ ಆ ಹಳೇ ಕಾಗದ?” ಅಂದೆ.

“ಅದು ಖೊಟ್ಟಿ ಇದ್ರೂ ಹೊಲ ಖೊಟ್ಟಿ ಅಲ್ಲಲ್ಲೋ ತಮ್ಮಾ, ಇಪ್ಪತ್ತೈದು ವರ್ಷ ಹೆಸರು, ಜೋಳ ಬೆಳದೀವಿ” ಅಂದ. ಆದರೂ ಉತಾರವನ್ನು ಮಡಚಿ, ಟ್ರಂಕಿನಲ್ಲಿ ಅದೇ ಖರೀದಿ ಪತ್ರದ ಮೇಲೆ ಇಟ್ಟು, ಕೀಲಿ ಹಾಕಿದ.