ಕದಡಿದ ಪದರದ ಓದು: ಬೇಗೂರಿನಿಂದ ಸಂಗನಕಲ್ಲಿಗೆ

ದಕ್ಷಿಣ ಬೆಂಗಳೂರಿನಲ್ಲಿ ಪೈಪು, ಪಾಯ, ಕೇಬಲ್ಲಿಗೆಂದು ನೆಲ ಅಗೆಯದ ದಿನವಿಲ್ಲ. ಅಲ್ಲಿನ ಬೇಗೂರಿನ, ‘ಬೆಂಗಳೂರು’ ಎಂಬ ಹೆಸರಿರುವ ವೀರಗಲ್ಲನ್ನು (ಸು. ಕ್ರಿ.ಶ. 890) ಎಲ್ಲಿ ನಿಲ್ಲಿಸಿದರೂ ಅಕ್ಷರ ಮಾತಾಡುತ್ತದೆ. ಮಡಕೆಚೂರಿಗೆ ಆ ಭಾಗ್ಯವಿಲ್ಲ. ಅದರ ಕಾಲ ಹೇಳಬೇಕಾದದ್ದು ಅದು ಬಿದ್ದಿದ್ದ ಪದರ; ಆ ಪದರವೇ ಕದಡಿದರೆ ಕಾಲ ಹೇಳುವುದು ಕಷ್ಟ.

ಈ ಕಷ್ಟ ಎದ್ದು ಕಾಣುವುದು ಬಳ್ಳಾರಿ ಬಳಿಯ ಸಂಗನಕಲ್ಲು–ಕಪ್ಪಗಲ್ಲು ಗುಡ್ಡಗಳಲ್ಲಿ. ಅಲ್ಲಿ ನವಶಿಲಾಯುಗದ ಕಲ್ಗೊಡಲಿಗಳ ಕಮ್ಮಟವಿತ್ತೆಂದು 19ನೇ ಶತಮಾನದಲ್ಲೇ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಗುರುತಿಸಿದ್ದರು. 1940ರ ದಶಕದಲ್ಲಿ ಪುರಾತತ್ತ್ವಜ್ಞ ಸುಬ್ಬರಾವ್ ಉತ್ಖನನ ನಡೆಸಿದರು. ಆಮೇಲೆ ಅಗೆದವರು ಅನ್ಸಾರಿ, ನಾಗರಾಜರಾವ್. ಈಚೆಗೆ ರವಿ ಕೊರಿಶೆಟ್ಟರ್, ನಿಕೋಲ್ ಬೊಯ್ವಿನ್, ಡೋರಿಯನ್ ಫುಲ್ಲರ್. ಈ ನಡುವೆ ಕಲ್ಲುಗಣಿಗಾರಿಕೆಯೂ ಗುಡ್ಡವನ್ನು ತಿನ್ನತೊಡಗಿತು.

ಕದಡಿದ ಜಾಗದಲ್ಲಿ ಗುಂಡಿ ತೋಡುವಾಗ ಮೊದಲು ಕೈಹಾಕಬೇಕಾದದ್ದು ಹಳೆಯದಕ್ಕಲ್ಲ, ಹೊಸತಕ್ಕೆ. ಕರಣೆ ಸಲೀಸಾಗಿ ಇಳಿಯುವ ಸಡಿಲ ಮಣ್ಣಿನ ಅಂಚನ್ನು ಗೀಚಿ, ಅದಕ್ಕೆ ಬೇರೆ ಸಂಖ್ಯೆ ಕೊಟ್ಟು, ಪೂರ್ತಿ ಬಳಿದು ತೆಗೆದ ಮೇಲೆಯೇ ಗಟ್ಟಿ ಪದರಕ್ಕೆ ಇಳಿಯಬೇಕು. ಜರಡಿಯಲ್ಲಿ ಕಲ್ಗೊಡಲಿ ಕೆತ್ತಿದ ಡಾಲರೈಟ್ ಕಲ್ಲಿನ ಚಕ್ಕೆಯ ಪಕ್ಕ ಗುಟ್ಕಾ ಚೀಟಿ ಬಂದರೆ ಆ ಗುಂಡಿಯ ವಯಸ್ಸನ್ನು ಹೇಳುವುದು ಚೀಟಿಯೇ, ಚಕ್ಕೆಯಲ್ಲ. ಹಾಗೆಂದು ಚಕ್ಕೆಯನ್ನು ಬಿಸಾಡುವುದೂ ತಪ್ಪು: ಯಾವ ಕಲ್ಲು, ಹೇಗೆ ಒಡೆದರು ಎಂಬುದಕ್ಕೆ ಅದು ಈಗಲೂ ಸಾಕ್ಷಿ.

ಕರಕಲಾದ ಕಾಳಿನದು ಇನ್ನೊಂದು ತೊಡಕು. ಸಂಗನಕಲ್ಲಿನ ಮಣ್ಣನ್ನು ನೀರಿನಲ್ಲಿ ತೇಲಿಸಿದಾಗ ಹುರುಳಿ, ಹೆಸರು, ಕೊರಲೆ ಸಿಕ್ಕವು; ಅನ್ನಕ್ಕಿಂತ ಎಷ್ಟೋ ಹಿಂದಿನ ನಮ್ಮ ಊಟ ಅದು. ಆದರೆ ಇರುವೆಗೂಡು, ಬೇರಿನ ಸಂದಿನಲ್ಲಿ ಕಾಳು ಕೆಳಕ್ಕೆ ಜಾರಬಲ್ಲದು. ಆದ್ದರಿಂದ ಸುತ್ತಲಿನ ಇದ್ದಿಲನ್ನು ನಂಬದೆ ಕಾಳಿನದೇ ರೇಡಿಯೋಕಾರ್ಬನ್ ಕಾಲನಿರ್ಣಯ ಮಾಡಿಸುವುದು ಕ್ಷೇಮ. ಪದರಗಳ ಅನುಕ್ರಮ ಗಟ್ಟಿಯಾಗಿದ್ದರೂ ಕಾಲ ತಪ್ಪಬಹುದು. 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಗುರುತಿಸಿದ ಮೂರು ಸಂಸ್ಕೃತಿಗಳ ಸಾಲು ಇಂದಿಗೂ ನಿಂತಿದೆ; ಅವುಗಳಲ್ಲಿ ಅವರು ಕ್ರಿ.ಪೂ. ಮೊದಲ ಸಹಸ್ರಮಾನಕ್ಕೆ ಇಟ್ಟ ಕಲ್ಗೊಡಲಿ ಸಂಸ್ಕೃತಿಯ ಆರಂಭ ಮಾತ್ರ ಸಾವಿರ ವರ್ಷಕ್ಕೂ ಹೆಚ್ಚು ಹಿಂದಕ್ಕೆ ಸರಿಯಿತು.

ಕದಡಿದ ಮಣ್ಣನ್ನು ‘ಮೇಲ್ಮಣ್ಣು’ ಎಂದು ಬರೆದು ಮುಗಿಸುವ ವರದಿಗಳನ್ನು ನಾನು ಒಪ್ಪಲಾರೆ. ಗಣಿ ಕಿತ್ತ ಕಡೆ ಕದಡಿದ ಪದರವೂ ಉಳಿದಿರುವುದಿಲ್ಲ. ಬೇಗೂರಿನ ದೇಗುಲ, ಕೋಟೆಯ ಆಸುಪಾಸಿನಲ್ಲಿ ಪಾಯ ತೋಡುವವರು ಮಣ್ಣು ಸಾಗಿಸುವ ಮುನ್ನ ಗುಂಡಿಯ ಒಂದು ಗೋಡೆಯನ್ನಾದರೂ ನೇರವಾಗಿ ಕೆರೆದು, ಅಳತೆಪಟ್ಟಿ ಇಟ್ಟು ಫೋಟೊ ತೆಗೆದು ಪುರಾತತ್ತ್ವ ಇಲಾಖೆಗೆ ಕಳಿಸಿಕೊಡಲಿ.