ಲಘು, ಗುರು ಮತ್ತು ರೇಡಿಯೋ ಪರವಾನಗಿ



ಕೆಲವು ವರ್ಷಗಳ ಹಿಂದೆ ಶಹಾಪುರದ ಹಳೆಯ ವಿದ್ಯಾರ್ಥಿಯೊಬ್ಬ ಒಂದು ಪ್ರಶ್ನೆ ಕೇಳಿದ್ದ. ಅವನ ಬಳಿ ಹವ್ಯಾಸಿ ರೇಡಿಯೋದ, ಅಂದರೆ ಹ್ಯಾಮ್ ರೇಡಿಯೋದ, ‘ರೆಸ್ಟ್ರಿಕ್ಟೆಡ್’ ದರ್ಜೆಯ ಪರವಾನಗಿ ಇತ್ತು. ‘ಜನರಲ್’ ದರ್ಜೆಗೆ ಏರಬೇಕಾದರೆ ಮೋರ್ಸ್ ಸಂಕೇತದಲ್ಲಿ ತೇರ್ಗಡೆಯಾಗಬೇಕಿತ್ತು. “ಸರ್, ಕೈಯಲ್ಲಿ ಮೊಬೈಲ್ ಇರುವಾಗ ಈ ಕಟ್ಟಕಡ ಯಾರಿಗೆ ಬೇಕ್ರಿ?” ಎಂದ. ಆಗ ನಾನು ಚುಟುಕಾಗಿ ಹೇಳಿದ್ದನ್ನು ಇಲ್ಲಿ ವಿಸ್ತರಿಸಿ ಬರೆಯುತ್ತಿದ್ದೇನೆ.

ನಮ್ಮ ಪೀಳಿಗೆಯವರಿಗೆ ರೇಡಿಯೋ ಲೈಸೆನ್ಸ್ ಎಂದೊಡನೆ ನೆನಪಾಗುವುದು ಅಂಚೆ ಕಚೇರಿಯಲ್ಲಿ ವರ್ಷವರ್ಷವೂ ಶುಲ್ಕ ಕಟ್ಟುತ್ತಿದ್ದ ಪುಟ್ಟ ಪುಸ್ತಕ. ಅದು ಕೇಳುವವರ ಪರವಾನಗಿ. ಮಾತನಾಡುವವರದು, ಅಂದರೆ ಪ್ರಸಾರ ಮಾಡುವವರದು, ಬೇರೆ. 1885ರ ಟೆಲಿಗ್ರಾಫ್ ಕಾಯಿದೆ ಹಾಗೂ 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯಿದೆಗಳ ಆಶ್ರಯದಲ್ಲಿ ಬೆಳೆದ ವ್ಯವಸ್ಥೆ ಅದು. ಕನ್ನಡಿಗರಿಗೆ ಈ ಹವ್ಯಾಸ ಹೊಸತಲ್ಲ. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ 30 ವ್ಯಾಟ್‌ನ ಪ್ರೇಷಕವಿಟ್ಟು ಬಾನುಲಿ ಕೇಂದ್ರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಅಲ್ಲಿಂದಲೇ ನಾಡಿಗೆಲ್ಲ ಹರಡಿತು. ಮೂವತ್ತು ವ್ಯಾಟ್ ಎಂದರೆ ಒಂದು ಮಂಕು ಬಲ್ಬಿನಷ್ಟು ಶಕ್ತಿ!

ಸ್ವಾತಂತ್ರ್ಯಾನಂತರ ಹವ್ಯಾಸಿಗಳಿಗೆ ಸ್ಪಷ್ಟ ಮೆಟ್ಟಿಲುಗಳನ್ನು ಹಾಕಿಕೊಟ್ಟದ್ದು 1978ರ ನಿಯಮಾವಳಿ. ಕೆಳಗಿನ ಮೆಟ್ಟಿಲು ರೆಸ್ಟ್ರಿಕ್ಟೆಡ್, ಅದರ ಮೇಲೆ ಎರಡನೆಯ ಗ್ರೇಡ್, ಒಂದನೆಯ ಗ್ರೇಡ್, ತುದಿಯಲ್ಲಿ ಅಡ್ವಾನ್ಸ್‌ಡ್. ಎರಡನೆಯ ಗ್ರೇಡಿಗೆ ನಿಮಿಷಕ್ಕೆ 5 ಪದಗಳ ಮೋರ್ಸ್ ವೇಗ, 50 ವ್ಯಾಟ್ ಶಕ್ತಿ. ಒಂದನೆಯದಕ್ಕೆ 12 ಪದ, 150 ವ್ಯಾಟ್. ಅಡ್ವಾನ್ಸ್‌ಡ್‌ನವರಿಗೆ ಆಯ್ದ ಪಟ್ಟಿಗಳಲ್ಲಿ 400 ವ್ಯಾಟ್. ಇದರಲ್ಲಿ ನನಗೆ ಅತ್ಯಂತ ಸ್ವಾರಸ್ಯಕರವೆನಿಸಿದ ಕಟ್ಟಳೆ ಒಂದಿದೆ. ಎರಡನೆಯ ಗ್ರೇಡಿನವನು ಮೋರ್ಸ್ ಮೂಲಕ ನೂರು ಸಂಪರ್ಕಗಳನ್ನು ಸಾಧಿಸಿ, ಅದಕ್ಕೆ ಪುರಾವೆ ಒಪ್ಪಿಸಿದ ಮೇಲಷ್ಟೇ ಹ್ರಸ್ವತರಂಗದಲ್ಲಿ ಧ್ವನಿಯಲ್ಲಿ ಮಾತನಾಡಲು ಅನುಮತಿ ದೊರೆಯುತ್ತಿತ್ತು. ನೂರು ಸಲ ಕಿವಿಗೊಡು, ಅನಂತರ ಬಾಯಿ ತೆರೆ ಎಂಬಂತಿದ್ದ ಈ ವಿಧಿಯನ್ನು ತರಗತಿಗೂ ತರಬಹುದಿತ್ತೆಂದು ಎಷ್ಟೋ ಸಲ ಅನ್ನಿಸಿದೆ.

ಆ ಕಾಲಕ್ಕೆ ಉಪಕರಣಗಳೂ ದುರ್ಲಭ. ಸ್ವತಃ ಹ್ಯಾಮ್ ಆಗಿದ್ದ ರಾಜೀವ್ ಗಾಂಧಿಯವರು 1984ರಲ್ಲಿ ಆಮದು ಸುಂಕವನ್ನು ಮನ್ನಾ ಮಾಡಿದ ಮೇಲೆ ಹವ್ಯಾಸಿಗಳ ಸಂಖ್ಯೆ ಏರಿತು. ಮುಂದೆ ನಿಯಮಗಳು ತಿದ್ದುಪಡಿಯಾಗಿ ಹಳೆಯ ಮೆಟ್ಟಿಲುಗಳು ಕರಗಿ, ರೆಸ್ಟ್ರಿಕ್ಟೆಡ್ ಮತ್ತು ಜನರಲ್ ಎಂಬ ಎರಡೇ ಉಳಿದವು. 2003ರ ಜಿನೀವಾ ಸಮ್ಮೇಳನವು ಮೋರ್ಸ್ ಪರೀಕ್ಷೆ ಬೇಕೋ ಬೇಡವೋ ಎಂಬುದನ್ನು ಆಯಾ ದೇಶಗಳಿಗೇ ಬಿಟ್ಟಿತು. ಅಮೆರಿಕ 2007ರಲ್ಲಿ ಅದನ್ನು ಸಂಪೂರ್ಣವಾಗಿ ಕೈಬಿಟ್ಟಿತು. ನಮ್ಮಲ್ಲಿ ಜನರಲ್ ದರ್ಜೆಗೆ ನಿಮಿಷಕ್ಕೆ 8 ಪದಗಳ ವೇಗವನ್ನು ಇಟ್ಟುಕೊಂಡರು. ಉಳಿಸಿಕೊಂಡದ್ದು ಸರಿಯೆಂದೇ ನನ್ನ ಮತ, ಒಪ್ಪದವರೂ ಇದ್ದಾರೆ.

ಮೇಲಿನ ಮೆಟ್ಟಿಲಿನಲ್ಲಿ ಸಿಗುವುದಾದರೂ ಏನು? ಒಂದೇ ಮಾತಿನಲ್ಲಿ ಹೇಳುವುದಾದರೆ, ದೂರ. 1978ರ ನಿಯಮದಂತೆ ರೆಸ್ಟ್ರಿಕ್ಟೆಡ್‌ನವರ ಪಾಲಿಗಿದ್ದುದು 144 ಮೆಗಾಹರ್ಟ್ಸ್‌ನಂತಹ ಎತ್ತರದ ಪಟ್ಟಿಗಳು. ಆ ಅಲೆಗಳು ಬಹುಮಟ್ಟಿಗೆ ಕಣ್ಣಿಗೆ ಕಾಣುವಷ್ಟು ದೂರ ನೇರವಾಗಿ ಸಾಗುತ್ತವೆ. ಯಾದಗಿರಿಯ ಕೋಟೆ ಬೆಟ್ಟದ ನೆತ್ತಿಯ ಮೇಲೆ ನಿಂತರೆ ಶಹಾಪುರದ ಬೆಟ್ಟ ಮುಟ್ಟಬಹುದೇನೋ, ಬೆಂಗಳೂರನ್ನಲ್ಲ. ಆದರೆ 7 ಮೆಗಾಹರ್ಟ್ಸ್‌ನ ಹ್ರಸ್ವತರಂಗ ಆಕಾಶದ ಅಯಾನುಗೋಳಕ್ಕೆ ತಾಗಿ ಮರಳಿ ಭೂಮಿಗಿಳಿಯುತ್ತದೆ. ಅದಕ್ಕೆ ಬೆಟ್ಟವೂ ಅಡ್ಡಿಯಲ್ಲ, ಹೊಳೆಯೂ ಅಡ್ಡಿಯಲ್ಲ. ತಿದ್ದುಪಡಿಯ ನಂತರ ರೆಸ್ಟ್ರಿಕ್ಟೆಡ್‌ನವರಿಗೂ ಕೆಲವು ಹ್ರಸ್ವತರಂಗ ಪಟ್ಟಿಗಳು ದೊರೆತವು. ವಿಶಾಲ ವ್ಯಾಪ್ತಿ, ಹೆಚ್ಚಿನ ಶಕ್ತಿ ಮಾತ್ರ ಜನರಲ್‌ನವರ ಪಾಲಾಯಿತು.

2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ ಹ್ಯಾಮ್ ಭಾರತಿ ಪ್ರಸಾದ್ ಹವ್ಯಾಸಿ ಪ್ರಸಾರಕ್ಕೆಂದು ತಂಡದೊಡನೆ ಪೋರ್ಟ್ ಬ್ಲೇರ್‌ನಲ್ಲಿದ್ದರು. ದೂರವಾಣಿ ಸತ್ತ ಆ ದಿನಗಳಲ್ಲಿ ಅಂಡಮಾನಿನ ಸುದ್ದಿಯನ್ನು ಸಾವಿರಾರು ಮೈಲು ದಾಟಿಸಿದ್ದು ಅವರ ಹ್ರಸ್ವತರಂಗ.

ಅಂಡಮಾನು ದೂರವಾಯಿತೆನ್ನುವವರು ನಮ್ಮ ಸುರಪುರದ ಸೀಮೆಯ ನೀಲಕಂಠರಾಯನಗಡ್ಡಿಯನ್ನು ನೆನೆಯಲಿ. ನಾರಾಯಣಪುರ ಜಲಾಶಯದಿಂದ ನೀರು ಬಿಟ್ಟಾಗ ಕೃಷ್ಣೆಯ ನಡುವಿನ ಈ ಊರಿನ ಸಂಪರ್ಕ ಕಡಿದುಹೋಗುತ್ತಿತ್ತು. 2013ರ ಜುಲೈ ಮಧ್ಯದಲ್ಲಿ ದೇಶದ ತಂತಿ ಸೇವೆ ಕೊನೆಗೊಂಡಿತು. ಅದೇ ತಿಂಗಳ ಕೊನೆಯಲ್ಲಿ ಈ ಗಡ್ಡಿಯ ತುಂಬುಗರ್ಭಿಣಿಯೊಬ್ಬರು ಸೋರೆಬುರುಡೆ ಕಟ್ಟಿಕೊಂಡು, ತುಂಬಿದ ಹೊಳೆಯನ್ನು ಈಜಿ ದಾಟಿದರು. ಪತ್ರಿಕೆಗಳು ಆಕೆಯ ಧೈರ್ಯವನ್ನು ಕೊಂಡಾಡಿದವು. ಕೊಂಡಾಡುವುದಕ್ಕಿಂತ ನಾಚಿಕೊಳ್ಳಬೇಕಿತ್ತು. ರೇಡಿಯೋ ಯಾರನ್ನೂ ಹೊಳೆ ದಾಟಿಸದು, ನಿಜ. ಅದಕ್ಕೆ ಸೇತುವೆ, ದೋಣಿ, ವೈದ್ಯರು ಬೇಕು. ಆದರೆ ಕಂಬ ಉರುಳಿ ಮೊಬೈಲ್ ಮೂಕವಾದ ದಿನ ದೋಣಿ ಕಳುಹಿಸಿರೆಂದು ಹೇಳಲು ಒಂದು ಕಾರ್ ಬ್ಯಾಟರಿ, ಒಂದು ತಂತಿ, ಪರವಾನಗಿಯುಳ್ಳ ಒಬ್ಬ ಮನುಷ್ಯ ಸಾಕು. ಧ್ವನಿ ಗೊರಗೊರ ಗದ್ದಲದಲ್ಲಿ ಮುಳುಗಿದಾಗಲೂ ಮೋರ್ಸ್‌ನ ಸಣ್ಣ ಶಿಳ್ಳೆ ಕಿವಿಗೆ ಸಿಗುತ್ತದೆ.

ಇನ್ನು ಕಲಿಯುವ ಬಗೆ. ನಿಮಿಷಕ್ಕೆ 8 ಪದವೆಂದರೆ, ಪದಕ್ಕೆ ಐದಕ್ಷರದಂತೆ, 40 ಅಕ್ಷರ. ಚುಕ್ಕೆ ಗೆರೆಗಳನ್ನು ಕಾಗದದ ಮೇಲೆ ಬಾಯಿಪಾಠ ಮಾಡಬೇಡಿರಿ, ಕಿವಿಯಿಂದ ಕಲಿಯಿರಿ. ಕನ್ನಡದ ತರಗತಿಯಲ್ಲಿ ಪ್ರಸ್ತಾರ ಹಾಕಿದವರಿಗೆ ಅರ್ಧ ಪಾಠ ಆಗಲೇ ಆಗಿದೆ. ಲಘುವೇ ಚುಕ್ಕೆ, ಗುರುವೇ ಗೆರೆ. ಭೇದವಿಷ್ಟೇ: ನಮ್ಮ ಗುರುವಿಗೆ ಎರಡು ಮಾತ್ರೆ, ಮೋರ್ಸ್‌ನ ಗೆರೆಗೆ ಮೂರು. ಎಂಟು ಅಕ್ಷರಗಣಗಳೂ ಎಂಟು ಇಂಗ್ಲಿಷ್ ಅಕ್ಷರಗಳಾಗುತ್ತವೆ. ನಗಣ ಎಸ್, ಮಗಣ ಓ, ಭಗಣ ಡಿ, ಯಗಣ ಡಬ್ಲ್ಯು, ಜಗಣ ಆರ್, ರಗಣ ಕೆ, ಸಗಣ ಯು, ತಗಣ ಜಿ. ಹಡಗು ಮುಳುಗುವಾಗ ಜಗತ್ತೆಲ್ಲ ಕೂಗುತ್ತಿದ್ದ ಎಸ್‌ಓಎಸ್ ನಗಣ, ಮಗಣ, ನಗಣವಲ್ಲದೆ ಬೇರೆಯಲ್ಲ. ದಿನಕ್ಕೆ ಇಪ್ಪತ್ತು ನಿಮಿಷ, ವಾರಕ್ಕೆ ನಾಲ್ಕೈದು ಹೊಸ ಅಕ್ಷರ. ಅಕ್ಷರಗಳು ಮುಗಿದ ಮೇಲೆ ಅಂಕಿಗಳು.