ಗಡಿಯಾರದ ಗೋತ್ರ

ನಮ್ಮ ತಂದೆಯವರ ಕೈಗಡಿಯಾರಕ್ಕೆ ಒಂದು ವಿಚಿತ್ರ ಚಾಳಿ ಹತ್ತಿತ್ತು. ಮೇಜಿನ ಮೇಲೆ ಅಂಗಾತ ಮಲಗಿಸಿದರೆ ಟಿಕ್ ಟಿಕ್ ಎಂದು ಚೆನ್ನಾಗಿ ನಡೆಯುತ್ತಿತ್ತು. ಕೈಗೆ ಕಟ್ಟಿಕೊಂಡು ಬೀದಿಯ ತಿರುವಿನವರೆಗೆ ಹೋಗುವಷ್ಟರಲ್ಲಿ ನಿಂತುಬಿಡುತ್ತಿತ್ತು. ಅವರು ಮೂವತ್ತು ವರ್ಷ ಪ್ರತಿದಿನ ಬೆಳಿಗ್ಗೆ ತಪ್ಪದೆ ಕೀ ಕೊಟ್ಟ ಗಡಿಯಾರ ಅದು. ಅವರು ಹೋದ ಮೇಲೆ ನನ್ನ ಪಾಲಿಗೆ ಬಂದು ಹೀಗೆ ಹಟ ಹಿಡಿದದ್ದು ನನ್ನ ಮನಸ್ಸಿಗೆ ಹಿಡಿಸಲಿಲ್ಲ. ಮೊದಲ ಅಂಗಡಿಯಲ್ಲಿ ಅದಕ್ಕೆ ಒಂದು ಹೊಸ ಭಾಗವನ್ನು ಹಾಕಿಸಿದ್ದೇ ಈ ಚಾಳಿಗೆ ಮೊದಲಾಯಿತು. ಮುಂದೆ ಎರಡು ಕಡೆ ತೋರಿಸಿದೆ. ಇಬ್ಬರೂ ಮುಖದ ಮೇಲಿನ ಹೆಸರನ್ನು ಓದಿ, “ಈ ಕಂಪನಿಯ ಸಾಮಾನು ಈಗ ಎಲ್ಲಿ ಸಿಗುತ್ತೆ ಸ್ವಾಮಿ?” ಎಂದು ಹಿಂದಕ್ಕೆ ಕೊಟ್ಟರು.

ನಾಲ್ಕನೆಯವರು ವಯಸ್ಸಾದವರು. ಅವರು ಹೆಸರಿನ ಕಡೆ ನೋಡಲೇ ಇಲ್ಲ. ಹಿಂದಿನ ಮುಚ್ಚಳ ತೆಗೆದು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, “ಮುಖದ ಮೇಲಿರೋದು ಹೆಸರು ಸ್ವಾಮಿ, ಗೋತ್ರ ಒಳಗಿರುತ್ತೆ” ಎಂದರು. ಓಲಾಡುವ ಬ್ಯಾಲೆನ್ಸ್ ಚಕ್ರದ ಕೆಳಗೆ, ಹಿತ್ತಾಳೆಯ ಫಲಕದ ಮೇಲೆ, ಎ ಮತ್ತು ಎಸ್ ಎಂಬ ಎರಡಕ್ಷರದ ಮುದ್ರೆಯನ್ನೂ ಅದರ ಬಳಿ ನಾಲ್ಕು ಅಂಕಿಗಳನ್ನೂ ತೋರಿಸಿದರು. ಅದು ಸ್ವಿಟ್ಜರ್ಲೆಂಡಿನ ಗ್ರೆಂಚನ್ ಊರಿನ ಎ. ಷಿಲ್ಡ್ ಕಾರ್ಖಾನೆಯ ಗುರುತು. ಗಡಿಯಾರದ ಮುಖದ ಮೇಲಾಗಲಿ ಮುಚ್ಚಳದ ಮೇಲಾಗಲಿ ಆ ಹೆಸರಿನ ಸುಳಿವೇ ಇರಲಿಲ್ಲ.

ಒಂದೇ ಗಡಿಯಾರಕ್ಕೆ ಎರಡು ಹೆಸರು ಏಕೆ? ಇದನ್ನು ತಿಳಿಯಲು ಸುಮಾರು ಇನ್ನೂರು ವರ್ಷ ಹಿಂದಕ್ಕೆ ಹೋಗಬೇಕು. ಸ್ವಿಟ್ಜರ್ಲೆಂಡಿನಲ್ಲಿ ಗಡಿಯಾರವನ್ನು ಆದಿಯಿಂದ ಅಂತ್ಯದವರೆಗೆ ಒಬ್ಬನೇ ಮಾಡುತ್ತಿದ್ದುದು ಅಪರೂಪ. ಫಲಕ, ಸೇತುವೆ, ಹಲ್ಲಿನ ಚಕ್ರಗಳನ್ನು ಒರಟಾಗಿ ಜೋಡಿಸಿದ ಅರೆಯಂತ್ರವನ್ನು ಒಂದು ಕಡೆ ಮಾಡುತ್ತಿದ್ದರು. ಅದಕ್ಕೆ ಫ್ರೆಂಚಿನಲ್ಲಿ ಎಬೋಷ್ ಎಂದು ಹೆಸರು. ನ್ಯೂಷಾಟೆಲ್ ಸೀಮೆಯ ಫೊಂತೆನ್‌ಮೆಲೊನ್ ಹಳ್ಳಿಯಲ್ಲಿ 1793ರಲ್ಲಿಯೇ ಇದಕ್ಕೊಂದು ಕಾರ್ಖಾನೆ ಹುಟ್ಟಿತು. ಆ ಅರೆಯಂತ್ರವನ್ನು ಕೊಂಡು, ನಯಗೊಳಿಸಿ, ಕಲ್ಲು ಕೂರಿಸಿ, ಪೆಟ್ಟಿಗೆಗೆ ಹಾಕಿ ತಮ್ಮ ಹೆಸರು ಬರೆಸುತ್ತಿದ್ದವರು ಬೇರೆ. ಹೆಸರು ಮಾರುವವರದು, ಒಡಲು ಮಾಡಿದವರದು.

ಆ ಕಾಲದಲ್ಲಿ ‘ಸರಿಯಾದ ಬಿಡಿಭಾಗ ಯಾವುದು’ ಎಂಬ ಪ್ರಶ್ನೆಯೇ ಇರಲಿಲ್ಲ ಎಂದರೆ ತಪ್ಪಾಗದು. ಒಂದೇ ಕೈಯಿಂದ ಬಂದ ಎರಡು ಗಡಿಯಾರಗಳ ಭಾಗಗಳೂ ಅದಲುಬದಲಾಗುತ್ತಿರಲಿಲ್ಲ. ಮುರಿದದ್ದನ್ನು ಕುಶಲಕರ್ಮಿ ಅರ ಹಿಡಿದು ಹೊಸದಾಗಿ ಮಾಡಿಕೊಡಬೇಕಾಗಿತ್ತು. ಈ ಪ್ರಶ್ನೆಯನ್ನು ಹುಟ್ಟಿಸಿದ್ದು ಅಮೆರಿಕ. ಬಂದೂಕಿನ ಕಾರ್ಖಾನೆಯಲ್ಲಿ ಯಾವ ಭಾಗವಾದರೂ ಯಾವ ಬಂದೂಕಿಗಾದರೂ ಕೂರುವಂತೆ ಮಾಡುತ್ತಿದ್ದುದನ್ನು ಕಂಡ ಆರನ್ ಡೆನ್ನಿಸನ್ ಎಂಬಾತ, ಗಡಿಯಾರದಲ್ಲಿಯೂ ಅದನ್ನು ಸಾಧಿಸಬೇಕೆಂದು 1850ರಲ್ಲಿ ಜೊತೆಗಾರರೊಡನೆ ಹೊರಟ. ಆ ಉದ್ಯಮ ನೆಲೆನಿಂತದ್ದು ಮ್ಯಾಸಚೂಸೆಟ್ಸ್‌ನ ವಾಲ್ತಮ್ ಊರಿನಲ್ಲಿ. 1872ರಲ್ಲಿ ಅಮೆರಿಕಕ್ಕೆ ಸುಮಾರು 1 ಕೋಟಿ 83 ಲಕ್ಷ ಫ್ರಾಂಕಿನಷ್ಟಿದ್ದ ಸ್ವಿಸ್ ರಫ್ತು 1876ರ ಹೊತ್ತಿಗೆ 48 ಲಕ್ಷಕ್ಕೆ ಇಳಿಯಿತು. ಆ ವರ್ಷ ಫಿಲಡೆಲ್ಫಿಯಾದ ಮಹಾ ಪ್ರದರ್ಶನಕ್ಕೆ ಹೋದ ಲಾಂಜಿನ್ಸ್ ಕಾರ್ಖಾನೆಯ ಇಂಜಿನಿಯರ್ ಝಾಕ್ ಡೇವಿಡ್, ಅಲ್ಲಿಯ ಯಂತ್ರಗಳನ್ನು ಕಣ್ಣಾರೆ ಕಂಡು ಬಂದು, ತನ್ನ ನಾಡಿನವರಿಗೆ ಎಚ್ಚರಿಕೆಯ ವರದಿ ಬರೆದ. ಸ್ವಿಸ್ಸರು ಎಚ್ಚೆತ್ತರು.

ಆದರೆ ಅವರು ಹಳೆಯ ಪದ್ಧತಿಯನ್ನು ಬಿಡಲಿಲ್ಲ. ಅರೆಯಂತ್ರ ಒಬ್ಬರದು, ಹೆಸರು ಇನ್ನೊಬ್ಬರದು ಎಂಬುದು ಹಾಗೆಯೇ ಉಳಿಯಿತು. 1926ರಲ್ಲಿ ಫೊಂತೆನ್‌ಮೆಲೊನ್, ಷಿಲ್ಡ್, ಮಿಷೆಲ್ ಎಂಬ ಮೂರು ಕಾರ್ಖಾನೆಗಳು ಸೇರಿ ‘ಎಬೋಷ್ ಎಸ್.ಎ.’ ಎಂಬ ಒಕ್ಕೂಟವಾದವು. 1932ರಲ್ಲಿ ಈಟಾ ಕೂಡಿಕೊಂಡಿತು. ಈ ಕೆಲವೇ ಕಾರ್ಖಾನೆಗಳ ಯಂತ್ರಗಳು ಲೆಕ್ಕವಿಲ್ಲದಷ್ಟು ಹೆಸರುಗಳನ್ನು ಹೊತ್ತು ಲೋಕವೆಲ್ಲ ತಿರುಗಿದವು. ಹೀಗಾಗಿ ಮುಖದ ಹೆಸರಿನಿಂದ ಬಿಡಿಭಾಗ ಹುಡುಕುವವನು ದಾರಿ ತಪ್ಪುವುದು ಖಂಡಿತ.

ಸರಿಯಾದ ದಾರಿ ಹೀಗೆ. ಮೊದಲು ಯಂತ್ರದ ಅಡ್ಡಳತೆ. ಇದನ್ನು ಈಗಲೂ ‘ಲೀನ್’ ಎಂಬ ಹಳೆಯ ಫ್ರೆಂಚ್ ಮಾನದಲ್ಲಿ ಹೇಳುವ ರೂಢಿಯಿದೆ. ಒಂದು ಲೀನ್ ಎಂದರೆ 2.256 ಮಿಲಿಮೀಟರು, ಹತ್ತೂವರೆ ಲೀನಿನ ಯಂತ್ರವೆಂದರೆ ಸುಮಾರು 23.7 ಮಿಲಿಮೀಟರು. ಅನಂತರ ಬ್ಯಾಲೆನ್ಸಿನ ಕೆಳಗಿನ ಮುದ್ರೆ ಮತ್ತು ಸಂಖ್ಯೆ. ಮುದ್ರೆ ಅಳಿಸಿಹೋಗಿದ್ದರೆ ಮುಖದ ತಟ್ಟೆಯನ್ನು ಬಿಚ್ಚಬೇಕು. ಗುಂಡಿಯನ್ನು ಎಳೆದಾಗ ಮುಳ್ಳು ತಿರುಗಿಸುವ ನೆಲೆಯಲ್ಲಿಯೂ, ಒತ್ತಿದಾಗ ಕೀ ಕೊಡುವ ನೆಲೆಯಲ್ಲಿಯೂ ಹಿಡಿದು ನಿಲ್ಲಿಸುವ ಸಣ್ಣ ಉಕ್ಕಿನ ಸ್ಪ್ರಿಂಗೊಂದು ಅಲ್ಲಿರುತ್ತದೆ. ಅದರ ಆಕಾರ ಯಂತ್ರದಿಂದ ಯಂತ್ರಕ್ಕೆ ಬೇರೆ. ಮನುಷ್ಯನಿಗೆ ಹೆಬ್ಬೆಟ್ಟಿನ ಗುರುತಿದ್ದಂತೆ. 1936ರಲ್ಲಿ ಜಿನೀವಾದಿಂದ ಹೊರಟ ಜೋಬಾನ ವರ್ಗೀಕರಣದಂಥ ಗ್ರಂಥಗಳಲ್ಲಿ ಇಂಥ ಆಕಾರಗಳ ಚಿತ್ರಗಳನ್ನು ಸಾಲಾಗಿ ಕೊಟ್ಟಿದ್ದಾರೆ. ಗೋತ್ರ ತಿಳಿದ ಮೇಲೆ ಪ್ರತಿ ಭಾಗಕ್ಕೂ ಗೊತ್ತಾದ ಅಂಕಿಯಿದೆ: ಕೀ ಕಡ್ಡಿ 401, ಬ್ಯಾಲೆನ್ಸ್ ಸ್ಟಾಫ್ 723, ಮೇನ್ ಸ್ಪ್ರಿಂಗ್ 770.

ಇಷ್ಟಾದರೂ ಸಾಲದು ಎಂಬುದನ್ನು ನನ್ನ ಗಡಿಯಾರವೇ ಕಲಿಸಿತು. ಹೊಡೆತ ತಡೆಯುವ ಸ್ಪ್ರಿಂಗ್ ಕಲ್ಲುಗಳು 1930ರ ದಶಕದಲ್ಲಿ ಬಂದ ಮೇಲೆ, ಒಂದೇ ಸಂಖ್ಯೆಯ ಯಂತ್ರ ಆ ರಕ್ಷಣೆ ಇದ್ದೂ ಇಲ್ಲದೆಯೂ ಹೊರಬರುತ್ತಿತ್ತು. ಎರಡಕ್ಕೂ ಸ್ಟಾಫ್ ಬೇರೆ. ಮೊದಲ ಅಂಗಡಿಯವರು ಹಾಕಿದ್ದ ಸ್ಟಾಫಿನ ಮೊನೆ, ಕಲ್ಲಿನ ರಂಧ್ರಕ್ಕಿಂತ ಕೂದಲೆಳೆಗೂ ಕಡಿಮೆ ಸಣ್ಣದು. ಮಲಗಿಸಿದಾಗ ಅದು ತುದಿಯ ಮೇಲೆ ನಿಂತು ತಿರುಗುತ್ತಿತ್ತು. ಕೈಯಲ್ಲಿ ಓರೆಯಾದೊಡನೆ ಒಂದು ಪಕ್ಕಕ್ಕೆ ಜಾರಿ ಚಕ್ರ ಸೋಲುತ್ತಿತ್ತು. ಹತ್ತಿರ ಹತ್ತಿರ ಕೂರುವ ಭಾಗವೇ ಕೂರದ ಭಾಗಕ್ಕಿಂತ ದೊಡ್ಡ ಶತ್ರು.

ಈ ಕಥೆ ಸ್ವಿಸ್ಸರದು ಮಾತ್ರವಲ್ಲ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಎಚ್.ಎಂ.ಟಿ. ಬೆಂಗಳೂರಿನಲ್ಲಿ ಕೈಗಡಿಯಾರ ಮಾಡಲಾರಂಭಿಸಿತು. ನಮ್ಮ ಮನೆಗಳಲ್ಲಿ ಒಬ್ಬರ ಕೈಗೆ ‘ಜನತಾ’, ಇನ್ನೊಬ್ಬರ ಕೈಗೆ ‘ಪೈಲಟ್’ ಬಂತು. ಮುಖ ಬೇರೆ, ಮರ್ಯಾದೆ ಬೇರೆ. ಒಳಗೆ ಬಹುಮಟ್ಟಿಗೆ ಇದ್ದದ್ದು 0231 ಎಂಬ ಒಂದೇ ಯಂತ್ರ. 2016ರ ಆರಂಭದಲ್ಲಿ ಕೇಂದ್ರ ಸರಕಾರ ಆ ಗಡಿಯಾರ ಕಂಪನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ಅಂದಿನಿಂದ ಒಂದರ ಅಂಗವನ್ನು ತೆಗೆದು ಇನ್ನೊಂದನ್ನು ಬದುಕಿಸುವುದೇ ರಿಪೇರಿಯವರಿಗೆ ಗತಿಯಾಗಿದೆ. ಗೋತ್ರ ಬಲ್ಲವರ ಕೈಯಲ್ಲಿ ಎರಡು ಸತ್ತ ಗಡಿಯಾರಗಳಿಂದ ಒಂದು ಏಳುತ್ತದೆ. ಅರಿಯದವರ ಕೈಯಲ್ಲಿ ಅರ ತಗುಲಿ, ಅಂಟು ಮೆತ್ತಿ, ಎರಡೂ ಕೆಡುತ್ತವೆ.

ಆ ಹಿರಿಯರು ಹಳೆಯ ಬಿಸ್ಕತ್ತಿನ ಡಬ್ಬಿಯೊಂದನ್ನು ತೆರೆದರು. ಒಳಗೆ ಚಿಕ್ಕ ಚಿಕ್ಕ ಕಾಗದದ ಪೊಟ್ಟಣಗಳು; ಒಂದೊಂದರ ಮೇಲೂ ಶಾಯಿಯಲ್ಲಿ ಬರೆದ ಅಂಕಿ. ನನ್ನ ಗಡಿಯಾರದ ಅಂಕಿಯ ಪೊಟ್ಟಣದಲ್ಲಿ ಉಳಿದದ್ದು ಎರಡೇ ಸ್ಟಾಫ್. “ಇದಾದ ಮೇಲೆ ಒಂದೇ ಉಳೀತು” ಎಂದು, ಪೊಟ್ಟಣವನ್ನು ಮಡಿಸಿ ಒಳಗಿಟ್ಟರು. ಅವರ ಮಕ್ಕಳು ಈ ಕೆಲಸ ಕಲಿತಿಲ್ಲವಂತೆ.

ಗಡಿಯಾರ ಈಗ ಕೈಯಲ್ಲಿಯೂ ನಡೆಯುತ್ತಿದೆ. ಬೆಳಿಗ್ಗೆ ಕೀ ಕೊಡುವಾಗಲೆಲ್ಲ ನನಗೆ ಆ ಡಬ್ಬಿಯ ನೆನಪು. ಅದರಲ್ಲಿ ಉಳಿದಿರುವ ಆ ಒಂದು ಸ್ಟಾಫ್ ಯಾರ ತಂದೆಯ ಗಡಿಯಾರಕ್ಕೋ ತಿಳಿಯದು. ಅದನ್ನು ಗುರುತಿಸಿ ಕೊಡುವ ಕಣ್ಣು ಅಲ್ಲಿಯತನಕ ಉಳಿದಿರಲಿ.